ಬೆಳಕನ್ನೂ ಸದ್ದನ್ನೂ ತಿರುಗಿಸುವ ಸಾಧನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆನ್ನ ಹಿಂದೆ ಕಂಪನಿಯಿಲ್ಲ, ಲ್ಯಾಬ್ ಇಲ್ಲ. ಒಂದು ಮೇಜು, ಒಂದಿಷ್ಟು ಕನ್ನಡಿ ಚೂರು, ಗಾಜು, ಪ್ಲೈವುಡ್. ಹೀಗೆ ಒಬ್ಬರೇ ಕೂತು ಬೆಳಕನ್ನೋ ಸದ್ದನ್ನೋ ಬೇಕಾದ ಕಡೆಗೆ ತಿರುಗಿಸುವ ಸಾಧನ, ಅಂದರೆ ರಿಫ್ಲೆಕ್ಟರ್, ಮಾಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಶುರುವಿನಲ್ಲಿ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನಿಸಿದ ಉತ್ತರಗಳೇ ಇದರಲ್ಲಿ ಜಾಸ್ತಿ.

ರಿಫ್ಲೆಕ್ಟರ್ ಅಂದರೆ ಕನ್ನಡಿ ತಾನೇ? ಅದರಲ್ಲಿ ಕಂಡುಹಿಡಿಯೋಕೆ ಇನ್ನೇನು ಉಳಿದಿದೆ?

ಕನ್ನಡಿ ಹಳೆಯದು. ಆದರೆ ಬೆಳಕು ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗಬೇಕು ಅನ್ನುವುದು ಪ್ರತಿ ಸಲವೂ ಹೊಸ ಪ್ರಶ್ನೆ. ಕಂಡುಹಿಡಿಯುವ ಕೆಲಸ ಇರುವುದು ಆಕಾರದಲ್ಲಿ, ಅದನ್ನು ಕೂರಿಸುವ ಬಗೆಯಲ್ಲಿ, ಮಳೆ ದೂಳು ತಡೆದು ಅದು ವರ್ಷಗಟ್ಟಲೆ ಬಾಳುವಂತೆ ಮಾಡುವುದರಲ್ಲಿ.

ಹೊಳೆಯುವ ಹಾಳೆ ಸಿಕ್ಕಿತು ಅಂತ ಕೆಲಸ ಶುರು ಮಾಡಬೇಡಿ. ಮೊದಲು ಕಾಗದದ ಮೇಲೆ ಎರಡು ಚುಕ್ಕೆ ಇಡಿ. ಒಂದು, ಬೆಳಕು ಅಥವಾ ಸದ್ದು ಹೊರಡುವ ಜಾಗ. ಇನ್ನೊಂದು, ನೋಡುವ ಕಣ್ಣು ಅಥವಾ ಕೇಳುವ ಕಿವಿ. ಆ ಎರಡು ಚುಕ್ಕೆಗಳ ನಡುವೆ ದಾರಿ ಮಾಡಿಕೊಡುವುದೇ ನಿಮ್ಮ ಸಾಧನ. ಈ ಚಿತ್ರ ಬರೆಯದೆ ಮಾಡಿದ ನನ್ನ ಮೊದಲ ಐದಾರು ಸಾಧನಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಬೆಳಕಿಗೂ ಸದ್ದಿಗೂ ಒಂದೇ ನಿಯಮವಾ?

ಹೌದು. ಯಾವ ಕೋನದಲ್ಲಿ ಬಂದು ಬಡಿಯುತ್ತದೋ ಅದೇ ಕೋನದಲ್ಲಿ ಆಚೆ ಕಡೆಗೆ ಹೊರಡುತ್ತದೆ. ಎರಡೂ ಅಲೆಗಳೇ. ಬೇರೆಯಾಗಿರುವುದು ಅಲೆಯ ಉದ್ದ. ಒಂದು ಸಾಧನ ಗೆಲ್ಲುವುದೂ ಸೋಲುವುದೂ ಬಹುಪಾಲು ಇದರಿಂದಲೇ.

ಕಣ್ಣಿಗೆ ಕಾಣುವ ಬೆಳಕಿನ ಅಲೆ ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದ. ಒಂದು ಮಿಲಿಮೀಟರಿನೊಳಗೆ ಸಾವಿರಕ್ಕಿಂತ ಹೆಚ್ಚು ಅಲೆಗಳು ಕೂರುತ್ತವೆ. ಸದ್ದಿನ ಕಥೆ ಬೇರೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕಿವಿಗೆ ಕೇಳುವ ಅತಿ ತಗ್ಗಿನ ಸದ್ದು, ಅಂದರೆ 20 ಹರ್ಟ್ಸ್ (ಸೆಕೆಂಡಿಗೆ 20 ಅಲೆ), ಸುಮಾರು 17 ಮೀಟರ್ ಉದ್ದದ ಅಲೆ. ಅತಿ ಕೀಚಲು ಸದ್ದು, 20 ಸಾವಿರ ಹರ್ಟ್ಸ್, ಸುಮಾರು 1.7 ಸೆಂಟಿಮೀಟರ್. ನಡುವಿನ 1000 ಹರ್ಟ್ಸ್ ಅಲೆ 34 ಸೆಂಟಿಮೀಟರ್. ಹಸಿರು ಬೆಳಕಿನ ಅಲೆಗೆ ಹೋಲಿಸಿದರೆ ಇದು ಆರು ಲಕ್ಷ ಪಟ್ಟಿಗಿಂತ ದೊಡ್ಡದು.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಒಂದು, ರಿಫ್ಲೆಕ್ಟರ್ ಅಲೆಗಿಂತ ದೊಡ್ಡದಾಗಿರಬೇಕು. ಚಿಕ್ಕದಾಗಿದ್ದರೆ ಅಲೆ ಅದನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಎರಡು, ಮೇಲ್ಮೈಯ ಉಬ್ಬುತಗ್ಗು ಅಲೆಗಿಂತ ತುಂಬಾ ಚಿಕ್ಕದಾಗಿರಬೇಕು. ಗಾರೆ ಬಳಿದ ಒರಟು ಗೋಡೆ ಬೆಳಕನ್ನು ಎಲ್ಲ ಕಡೆ ಚೆಲ್ಲುತ್ತದೆ. ಮಾತಿನ ಸದ್ದಿಗೆ ಅದೇ ಗೋಡೆ ಚೆನ್ನಾಗಿ ಉಜ್ಜಿದ ಕನ್ನಡಿ.

ಹಾಗಾದರೆ ಒಂದೇ ತಟ್ಟೆ ಎರಡಕ್ಕೂ ಆಗುತ್ತದಾ?

ಒಂದು ಮಟ್ಟಿಗೆ ಆಗುತ್ತದೆ. ನಾನು 60 ಸೆಂಟಿಮೀಟರ್ ಅಗಲದ ಒಳಬಾಗಿದ ತಟ್ಟೆಯ ನಡುವೆ ಮೈಕ್ ಇಟ್ಟು ನೋಡಿದ್ದೇನೆ. ದೂರದ ಹಕ್ಕಿಯ ಕೂಗು ಪಕ್ಕದಲ್ಲೇ ಇದ್ದಷ್ಟು ಸ್ಪಷ್ಟವಾಗಿ ಬಂತು. ಅದೇ ದೂರದಲ್ಲಿ ನಿಂತು ಮಾತಾಡಿದವರ ದನಿ ಮಾತ್ರ ತೆಳ್ಳಗಾಗಿ, ಮೈಯಿಲ್ಲದ ಹಾಗೆ ಕೇಳಿತು. ಹಕ್ಕಿಯ ಕೂಗಿನ ಅಲೆ ತಟ್ಟೆಗಿಂತ ಎಷ್ಟೋ ಚಿಕ್ಕದು. ದನಿಯ ತಗ್ಗಿನ ಭಾಗದ ಅಲೆ ತಟ್ಟೆಗಿಂತ ದೊಡ್ಡದು. ತಟ್ಟೆ ಅದನ್ನು ಹಿಡಿಯಲೇ ಇಲ್ಲ. ಬೆಳಕಿಗೆ ಮಾಡಿದ ಸಾಧನವನ್ನು ಸದ್ದಿಗೂ ಆಗುತ್ತದೆ ಅಂತ ಹೇಳುವ ಮೊದಲು ಯಾವ ಹರ್ಟ್ಸಿನಿಂದ ಮೇಲಕ್ಕೆ ಅನ್ನುವುದನ್ನೂ ಹೇಳಿ. ಕೇಳಿದವರಿಗೆ ಮೋಸವಾಗಬಾರದು.

ಬಂದ ದಾರಿಯಲ್ಲೇ ವಾಪಸ್ ಹೋಗುವ ಹಾಗೆ ಮಾಡುವುದು ಹೇಗೆ?

ಕೋಣೆಯ ಮೂಲೆ ನೋಡಿ. ಎರಡು ಗೋಡೆ ಮತ್ತು ನೆಲ, ಮೂರೂ ಒಂದಕ್ಕೊಂದು ಲಂಬ ಕೋನದಲ್ಲಿ ಸೇರುತ್ತವೆ. ಆ ಮೂರೂ ಕನ್ನಡಿಯಾಗಿದ್ದರೆ, ಒಳಗೆ ಬಂದ ಕಿರಣ ಮೂರು ಸಲ ಬಡಿಯುತ್ತದೆ. ಒಂದೊಂದು ಬಡಿತವೂ ಅದರ ಓಟದ ಒಂದೊಂದು ದಿಕ್ಕನ್ನು ತಿರುಗುಮುರುಗು ಮಾಡುತ್ತದೆ. ಎಡ ಬಲ ಒಮ್ಮೆ, ಹಿಂದೆ ಮುಂದೆ ಒಮ್ಮೆ, ಮೇಲೆ ಕೆಳಗೆ ಒಮ್ಮೆ. ಮೂರೂ ತಿರುಗಿದ ಮೇಲೆ ಕಿರಣಕ್ಕೆ ಉಳಿಯುವುದು ಬಂದ ದಿಕ್ಕಿಗೇ ವಾಪಸ್ ಹೋಗುವ ದಾರಿ ಮಾತ್ರ. ಮೂಲೆಯನ್ನು ಸ್ವಲ್ಪ ಓರೆ ಹಿಡಿದರೂ ಇದು ಕೆಡುವುದಿಲ್ಲ. ಮೂರು ಚಿಕ್ಕ ಕನ್ನಡಿ ಅಂಟಿಸಿ ಒಳಗೆ ನೋಡಿ. ನೀವು ಎಲ್ಲಿ ನಿಂತರೂ ನಿಮ್ಮ ಕಣ್ಣು ಮೂಲೆಯಲ್ಲೇ ಕಾಣುತ್ತದೆ. ನನಗೆ ಇವತ್ತಿಗೂ ಅದನ್ನು ನೋಡಿದಾಗ ಖುಷಿಯಾಗುತ್ತದೆ.

ಇನ್ನೊಂದು ದಾರಿ ಗಾಜಿನ ಗುಂಡು. ಗುಂಡು ಬೆಳಕನ್ನು ಬಗ್ಗಿಸಿ ಹಿಂಬದಿಯಲ್ಲಿ ಒಂದು ಚುಕ್ಕೆಗೆ ಸೇರಿಸುತ್ತದೆ. ಆ ಚುಕ್ಕೆ ಸರಿಯಾಗಿ ಗುಂಡಿನ ಹಿಂದಿನ ಮೈ ಮೇಲೇ ಬಿದ್ದರೆ, ಅಲ್ಲಿಂದ ಬೆಳಕು ಬಂದ ಕಡೆಗೇ ಮರಳುತ್ತದೆ. ಇದಕ್ಕೆ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, 2ರ ಹತ್ತಿರ ಇರಬೇಕು. ಮಾಮೂಲಿ ಗಾಜಿಗೆ ಅದು ಸುಮಾರು 1.5. ಹಾಗಾಗಿ ಚುಕ್ಕೆ ಗುಂಡಿನ ಹಿಂದೆ, ಗಾಳಿಯಲ್ಲಿ ಬೀಳುತ್ತದೆ. ಮಾಮೂಲಿ ಗಾಜನ್ನೇ ಬಳಸುವುದಾದರೆ ಹಿಂದಿನ ಭಾಗವನ್ನು ಉದ್ದ ಮಾಡಿ ಅದಕ್ಕೆ ಕನ್ನಡಿ ಲೇಪ ಹಚ್ಚಬೇಕು.

ಸದ್ದಿಗೂ ಮೂಲೆಯ ಉಪಾಯ ನಡೆಯುತ್ತದೆ. ಗಟ್ಟಿ ಗೋಡೆಗಳ ಖಾಲಿ ಕೋಣೆಯಲ್ಲಿ ಮೂಲೆಯ ಕಡೆ ತಿರುಗಿ ಮಾತಾಡಿ. ನಿಮ್ಮ ದನಿ ನಿಮ್ಮ ಮುಖಕ್ಕೇ ಬರುತ್ತದೆ.

ಒಬ್ಬ ಸಾಮಾನ್ಯ ಮನುಷ್ಯ ಇಂಥದ್ದನ್ನು ಮಾಡಿ ಗೆದ್ದ ಉದಾಹರಣೆ ಇದೆಯಾ?

ಪರ್ಸಿ ಶಾ. ಈ ಹೆಸರನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಶಾ ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹ್ಯಾಲಿಫ್ಯಾಕ್ಸ್‌ನಲ್ಲಿ. ರಸ್ತೆ ರಿಪೇರಿ ಮಾಡಿಸುವುದು ಅವರ ಕಸುಬು. ಕತ್ತಲಲ್ಲಿ, ಮಂಜಿನಲ್ಲಿ ಕಾರು ಓಡಿಸುವವರಿಗೆ ರಸ್ತೆಯ ನಡು ಎಲ್ಲಿದೆ ಅಂತ ತೋರಿಸಬೇಕಿತ್ತು. ಒಂದು ರಾತ್ರಿ ಬೆಕ್ಕಿನ ಕಣ್ಣು ಕಾರಿನ ಬೆಳಕಿಗೆ ಹೊಳೆದದ್ದನ್ನು ಕಂಡು ಉಪಾಯ ಹೊಳೆಯಿತು ಅನ್ನುವ ಕಥೆ ಪ್ರಸಿದ್ಧ. ಆ ಕಥೆಯನ್ನು ಅವರೇ ಬೇರೆ ಬೇರೆ ಸಲ ಬೇರೆ ಬೇರೆ ರೀತಿ ಹೇಳಿದ್ದುಂಟು. ರಸ್ತೆಯ ನಡುವೆ ಕೂರಿಸುವ ‘ಬೆಕ್ಕಿನ ಕಣ್ಣು’ ಎಂಬ ರಿಫ್ಲೆಕ್ಟರ್‌ಗೆ 1934ರಲ್ಲಿ ಪೇಟೆಂಟ್ ಹಾಕಿದರು. 1935ರಲ್ಲಿ ಕಂಪನಿ ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ದಾಳಿಯ ಭಯಕ್ಕೆ ಬೀದಿ ದೀಪಗಳನ್ನೆಲ್ಲ ಆರಿಸಿದಾಗ ಆ ಸಾಧನದ ಬೆಲೆ ಎಲ್ಲರಿಗೂ ಗೊತ್ತಾಯಿತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಬೆಳಕನ್ನು ಬಂದ ಕಡೆಗೇ ಕಳಿಸುವ ಗಾಜು ಶಾ ಅವರದ್ದಲ್ಲ. ಅಂಥ ಗಾಜಿಗೆ ರಿಚರ್ಡ್ ಹಾಲಿನ್ಸ್ ಮರ್ರೆ ಅನ್ನುವವರು 1927ರಲ್ಲೇ ಪೇಟೆಂಟ್ ಪಡೆದಿದ್ದರು. ಅವರ ಕಸುಬು ಲೆಕ್ಕಪತ್ರ. ಶಾ ಮಾಡಿದ್ದು ಆ ಗಾಜು ರಸ್ತೆಯ ಮೇಲೆ ಬದುಕುವ ಹಾಗೆ ಮಾಡಿದ್ದು. ಗಾಜನ್ನು ಮೆತ್ತನೆಯ ರಬ್ಬರಿನಲ್ಲಿ ಕೂರಿಸಿದರು. ಅದನ್ನು ಎರಕದ ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟರು. ಗಾಡಿಯ ಚಕ್ರ ಮೇಲೆ ಹತ್ತಿದಾಗ ರಬ್ಬರು ಕೆಳಕ್ಕೆ ಕುಸಿಯುತ್ತದೆ, ಗಾಜು ಒಡೆಯುವುದಿಲ್ಲ. ಕುಸಿಯುವಾಗ ರಬ್ಬರಿನ ಅಂಚು ಗಾಜನ್ನು ಒರೆಸುತ್ತದೆ. ಚೌಕಟ್ಟಿನ ತಳದಲ್ಲಿ ಮಳೆನೀರು ನಿಲ್ಲುವುದರಿಂದ ತೊಳೆಯುವ ನೀರೂ ಅಲ್ಲೇ ಸಿಗುತ್ತದೆ. ರೆಪ್ಪೆ ಬಡಿದು ಕಣ್ಣು ತೊಳೆದುಕೊಂಡ ಹಾಗೆ! ಯಾರೂ ಹೋಗಿ ಒರೆಸಬೇಕಾಗಿಲ್ಲ. ತುಳಿಯುವ ಗಾಡಿಯೇ ಅದನ್ನು ಚೊಕ್ಕ ಮಾಡುತ್ತದೆ.

ರಸ್ತೆಯ ಕೆಸರು ದಿನವೂ ಕಂಡವರಿಗೇ ಇಂಥ ಉತ್ತರ ಹೊಳೆಯುವುದು, ಅಲ್ವಾ? ನಿಮ್ಮ ಕಸುಬಿನಲ್ಲಿ ನಿಮಗೆ ದಿನವೂ ಕಾಣುವ ತೊಂದರೆಯನ್ನು ಹಗುರವಾಗಿ ನೋಡಬೇಡಿ.

ರಿಫ್ಲೆಕ್ಟರ್ ಎಷ್ಟು ಕರಾರುವಾಕ್ಕಾಗಿದ್ದರೆ ಅಷ್ಟು ಒಳ್ಳೆಯದಾ?

ಮೊದಲು ಹೇಳಿದ ಎರಡು ಚುಕ್ಕೆ, ಹೊರಡುವ ಜಾಗ ಮತ್ತು ನೋಡುವ ಕಣ್ಣು, ಒಂದೇ ಕಡೆ ಇದ್ದರೆ ಹೌದು. ಬೇರೆ ಬೇರೆ ಕಡೆ ಇದ್ದರೆ ಇಲ್ಲ.

ರಸ್ತೆಯನ್ನೇ ತೆಗೆದುಕೊಳ್ಳಿ. ಬೆಳಕು ಹೊರಡುವುದು ಕಾರಿನ ದೀಪದಿಂದ. ನೋಡುವ ಕಣ್ಣು ಅದಕ್ಕಿಂತ ಮೇಲಿದೆ. ಅಂತರ 60 ಸೆಂಟಿಮೀಟರ್ ಅಂದುಕೊಳ್ಳಿ. 100 ಮೀಟರ್ ದೂರದ ಫಲಕದಿಂದ ನೋಡಿದರೆ ದೀಪಕ್ಕೂ ಕಣ್ಣಿಗೂ ನಡುವೆ ಡಿಗ್ರಿಯ ಮೂರನೇ ಒಂದರಷ್ಟು ಕೋನ. ಫಲಕ ಒಂದಿಷ್ಟೂ ಹರಡದಂತೆ ಬೆಳಕನ್ನು ಕಳಿಸಿದರೆ ಅದೆಲ್ಲ ದೀಪಕ್ಕೇ ವಾಪಸ್ ಹೋಗುತ್ತದೆ. ಓಡಿಸುವವರಿಗೆ ಫಲಕ ಕತ್ತಲಾಗಿಯೇ ಕಾಣುತ್ತದೆ. ಅದಕ್ಕೇ ರಸ್ತೆಯ ಫಲಕಗಳು ಬೆಳಕನ್ನು ಸ್ವಲ್ಪ ಹರಡಲೇಬೇಕು. ಎಷ್ಟು ಹರಡಬೇಕು ಅನ್ನುವುದೇ ಅಲ್ಲಿ ಜಾಣತನ.

ಚಂದ್ರನ ಮೇಲಿರುವ ರಿಫ್ಲೆಕ್ಟರ್‌ಗಳದ್ದು ಇದಕ್ಕೆ ಎದುರು ಕಥೆ. 1969ರಲ್ಲಿ ಅಪೋಲೋ 11ರ ಗಗನಯಾತ್ರಿಗಳು 100 ಮೂಲೆಗಾಜುಗಳ (ಮೇಲೆ ಹೇಳಿದ ಮೂಲೆಯ ಆಕಾರದ ಗಾಜು) ಒಂದು ಹಲಗೆಯನ್ನು ಅಲ್ಲಿಟ್ಟು ಬಂದರು. 1971ರಲ್ಲಿ ಅಪೋಲೋ 15 ಇಟ್ಟದ್ದು 300 ಮೂಲೆಗಾಜುಗಳದ್ದು. ಭೂಮಿಯಿಂದ ಬಿಟ್ಟ ಲೇಸರ್ ಹೋಗಿಬರಲು ಸುಮಾರು ಎರಡೂವರೆ ಸೆಕೆಂಡ್ ಬೇಕು. ಅಷ್ಟು ದೂರಕ್ಕೆ ಬೆಳಕು ರಸ್ತೆಯ ಫಲಕದಲ್ಲಿ ಆದಷ್ಟು ಹರಡಿದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಅಲ್ಲಿ ಕರಾರುವಾಕ್ಕಾದ ಗಾಜೇ ಬೇಕು. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ ಅಂತ ನಿಖರವಾಗಿ ಅಳೆಯಲು ಆಗಿದ್ದು ಈ ಗಾಜುಗಳಿಂದ. ಅವಕ್ಕೆ ಬ್ಯಾಟರಿಯಿಲ್ಲ, ತಂತಿಯಿಲ್ಲ. ಅರ್ಧ ಶತಮಾನ ದಾಟಿದರೂ ಕೆಲಸ ಮಾಡುತ್ತಿವೆ. ಚಂದ್ರಯಾನ 3ರ ವಿಕ್ರಮ್ ಲ್ಯಾಂಡರ್ ಮೇಲೂ ನಾಸಾ ಕೊಟ್ಟ ಇಂಥ ಒಂದು ಪುಟ್ಟ ಸಾಧನವಿದೆ. ಅದರಲ್ಲಿ 8 ಮೂಲೆಗಾಜು. 2023ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತುವ ನೌಕೆಯೊಂದು ಲೇಸರ್ ಬಿಟ್ಟು ಅದರಿಂದ ಉತ್ತರ ಪಡೆಯಿತು.

ಸದ್ದನ್ನು ಹಿಡಿಯಲು ದೊಡ್ಡ ಕನ್ನಡಿ ಕಟ್ಟಿದ್ದರಂತೆ, ನಿಜವಾ?

ನಿಜ. ಇಂಗ್ಲೆಂಡಿನ ಕೆಂಟ್ ಕರಾವಳಿಯ ಡೆಂಜ್ ಎಂಬಲ್ಲಿ ಇವತ್ತಿಗೂ ನಿಂತಿವೆ. 1928ರಿಂದ 1930ರ ಒಳಗೆ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಒಂದು ಸುಮಾರು 6 ಮೀಟರ್ ಅಗಲ, ಇನ್ನೊಂದು 9 ಮೀಟರ್. ಮೂರನೆಯದು ಸುಮಾರು 60 ಮೀಟರ್ ಉದ್ದದ ಬಾಗಿದ ಗೋಡೆ. ಸಮುದ್ರದ ಕಡೆಯಿಂದ ಬರುವ ವಿಮಾನದ ಸದ್ದನ್ನು ಕಣ್ಣಿಗೆ ಕಾಣುವ ಮೊದಲೇ ಕೇಳುವುದು ಉದ್ದೇಶ. ಮೇಜರ್ ವಿಲಿಯಂ ಟಕ್ಕರ್ ಈ ಕೆಲಸದ ಮುಂದಾಳು.

ಅಷ್ಟು ದೊಡ್ಡದೇಕೆ ಅಂತ ಈಗ ನಿಮಗೇ ಗೊತ್ತಾಗಿರಬೇಕು. ವಿಮಾನದ ಗುಡುಗು ತಗ್ಗಿನ ಸದ್ದು. 100 ಹರ್ಟ್ಸಿನ ಅಲೆ 3.4 ಮೀಟರ್ ಉದ್ದ. ಅದನ್ನು ಹಿಡಿಯುವ ತಟ್ಟೆ ಅದಕ್ಕಿಂತ ದೊಡ್ಡದಿರಲೇಬೇಕು. ಕಾಂಕ್ರೀಟ್ ತಟ್ಟೆಯನ್ನು ತಿರುಗಿಸಲು ಆಗುವುದಿಲ್ಲವಲ್ಲ? ಅದಕ್ಕೆ ಪ್ಯಾರಾಬೋಲಾ (ನೇರ ಎದುರಿನಿಂದ ಬಂದದ್ದನ್ನೆಲ್ಲ ಒಂದೇ ಚುಕ್ಕೆಗೆ ಸೇರಿಸುವ ಬಾಗು) ಬಿಟ್ಟು ಗೋಳದ ಆಕಾರ ಆರಿಸಿದರು. ಗೋಳದ ತಟ್ಟೆಯಾದರೆ ಸದ್ದು ಬರುವ ದಿಕ್ಕು ಬದಲಾದಾಗ ಅದು ಸೇರುವ ಚುಕ್ಕೆಯೂ ಜರುಗುತ್ತದೆ. ಕೇಳುವವರು ಮೈಕನ್ನು ಜರುಗಿಸಿದರೆ ಸಾಕು. ಪ್ಯಾರಾಬೋಲಾ ಒಂದೇ ದಿಕ್ಕಿನಲ್ಲಿ ಚುರುಕು, ಆಚೀಚೆ ಆದರೆ ಮಸುಕು.

ವಿಮಾನಗಳ ವೇಗ ಹೆಚ್ಚುತ್ತ ಹೋದಂತೆ ಎಚ್ಚರಿಕೆಗೆ ಸಿಗುವ ಸಮಯ ಕಮ್ಮಿಯಾಯಿತು. 1930ರ ದಶಕದಲ್ಲೇ ರೇಡಾರ್ ಬಂದು ಈ ಕನ್ನಡಿಗಳ ಕೆಲಸ ಮುಗಿಯಿತು.

ಕೋಣೆಯಲ್ಲಿ ದನಿ ಗುಂಯ್ ಅನ್ನುತ್ತದೆ. ಮೊಟ್ಟೆಯ ಟ್ರೇ ಅಂಟಿಸಲೇ?

ಬೇಡ. ಅದು ತೆಳು, ಹಗುರ. ಮಾತಿನ ಸದ್ದನ್ನು ಅದು ಹೀರುವುದೂ ಅಷ್ಟಕ್ಕಷ್ಟೇ, ಚೆದುರಿಸುವುದೂ ಅಷ್ಟಕ್ಕಷ್ಟೇ. ಬೆಂಕಿಯ ಅಪಾಯ ಬೇರೆ.

ಹೀರಬೇಕಾದರೆ ದಪ್ಪ ಬಟ್ಟೆ, ನಾರಿನ ಹಾಸು. ಸದ್ದು ಜೀವಂತವಾಗಿರಬೇಕು ಆದರೆ ಒಂದೇ ಕಡೆ ಬಡಿಯಬಾರದು ಅಂದರೆ ಚೆದುರಿಸಬೇಕು. ಇದಕ್ಕೆ 1970ರ ದಶಕದಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಎಂಬ ಭೌತವಿಜ್ಞಾನಿ ಅಂಕಗಣಿತದಿಂದ ಒಂದು ಉಪಾಯ ತಂದರು. 0, 1, 2, 3 ಹೀಗೆ 6ರ ತನಕ ಸಂಖ್ಯೆಗಳ ವರ್ಗ ಬರೆಯಿರಿ. ಒಂದೊಂದನ್ನೂ 7ರಿಂದ ಭಾಗಿಸಿ ಶೇಷ ತೆಗೆಯಿರಿ. 0, 1, 4, 2, 2, 4, 1 ಬರುತ್ತದೆ. ಗೋಡೆಯ ಮೇಲೆ ಒಂದೇ ಅಗಲದ ಏಳು ತೋಡುಗಳನ್ನು ಈ ಆಳದ ಲೆಕ್ಕದಲ್ಲಿ ಮಾಡಿದರೆ ಸದ್ದು ಹಲವು ದಿಕ್ಕಿಗೆ ಸಮವಾಗಿ ಹಂಚಿಹೋಗುತ್ತದೆ. 500 ಹರ್ಟ್ಸಿಗೆ ಲೆಕ್ಕ ಹಾಕಿದರೆ ಅತಿ ಆಳದ ತೋಡು ಸುಮಾರು 20 ಸೆಂಟಿಮೀಟರ್. ಬಡಗಿ ಕೆಲಸ ಬರುವವರು ಒಂದು ವಾರದಲ್ಲಿ ಮಾಡಬಹುದು.

ಬಾಗಿದ ಗೋಡೆ ಪಿಸುಮಾತನ್ನು ಹೊತ್ತೊಯ್ಯುವುದು ಹೇಗೆ?

ಸದ್ದು ಗೋಡೆಯ ಬಾಗನ್ನೇ ಹಿಡಿದುಕೊಂಡು, ಸ್ವಲ್ಪ ಸ್ವಲ್ಪವೇ ಬಡಿಯುತ್ತಾ ಮುಂದೆ ಸಾಗುತ್ತದೆ. ಎಲ್ಲ ಕಡೆ ಚೆದುರಿ ಸೊರಗುವುದಿಲ್ಲ. ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲೂ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯಲ್ಲೂ ಆಗುವುದು ಇದೇ. ಸೇಂಟ್ ಪಾಲ್‌ನದ್ದನ್ನು ನೋಡಿ ಇದರ ಗಣಿತ ಬಿಡಿಸಿದವರು ಲಾರ್ಡ್ ರೇಲಿ.

ಬೆಳಕು, ಸದ್ದು ಎರಡನ್ನೂ ಒಂದೇ ಸಾಧನದಲ್ಲಿ ಕೂಡಿಸಿದವರು ಇದ್ದಾರಾ?

ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವರ ಜೊತೆಗಾರ ಚಾರ್ಲ್ಸ್ ಸಮ್ನರ್ ಟೇಂಟರ್, 1880ರಲ್ಲಿ. ಹೆಸರು ಫೋಟೋಫೋನ್. ತೆಳ್ಳನೆಯ ಬಾಗುವ ಕನ್ನಡಿಯ ಹಿಂದೆ ನಿಂತು ಮಾತಾಡಬೇಕು. ದನಿಗೆ ಕನ್ನಡಿ ಉಬ್ಬುತ್ತದೆ, ತಗ್ಗುತ್ತದೆ. ಅದರಿಂದ ಹೊರಟ ಬಿಸಿಲಿನ ಕೋಲು ಅದೇ ತಾಳಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಆಚೆ ತುದಿಯಲ್ಲಿ ಪ್ಯಾರಾಬೋಲಾ ಕನ್ನಡಿ ಆ ಬೆಳಕನ್ನು ಸೆಲೆನಿಯಂ ತುಣುಕಿನ ಮೇಲೆ ಸೇರಿಸುತ್ತದೆ. ಬೆಳಕು ಹೆಚ್ಚುಕಮ್ಮಿ ಆದಂತೆ ಸೆಲೆನಿಯಂನಲ್ಲಿ ಹರಿಯುವ ಕರೆಂಟೂ ಹೆಚ್ಚುಕಮ್ಮಿ ಆಗುತ್ತದೆ. ಅದು ಟೆಲಿಫೋನಿನಲ್ಲಿ ಮತ್ತೆ ಮಾತಾಗುತ್ತದೆ. ವಾಷಿಂಗ್ಟನ್ನಿನಲ್ಲಿ 213 ಮೀಟರ್ ದೂರಕ್ಕೆ ತಂತಿಯಿಲ್ಲದೆ ಮಾತು ಕಳಿಸಿದರು. ಮೋಡ ಬಂದರೆ ಮಾತು ನಿಲ್ಲುತ್ತಿತ್ತು. ಆದರೂ ಬೆಲ್ ಅವರಿಗೆ ಟೆಲಿಫೋನಿಗಿಂತ ಇದರ ಮೇಲೇ ಹೆಚ್ಚು ಅಭಿಮಾನ. ನನಗೂ ಅಷ್ಟೇ.

ಕತ್ತಲ ಜಾಗಕ್ಕೆ ಬಿಸಿಲು ತರಲು ಯಾವ ಕನ್ನಡಿ ಬೇಕು?

ಚಪ್ಪಟೆ ಕನ್ನಡಿ. ನಾರ್ವೆಯ ರ್ಯೂಕನ್ ಊರು ಆಳವಾದ ಕಣಿವೆಯಲ್ಲಿದೆ. ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿಗೆ ನೇರ ಬಿಸಿಲಿಲ್ಲ. 2013ರಲ್ಲಿ ಬೆಟ್ಟದ ಮೇಲೆ ಮೂರು ಕನ್ನಡಿ ನಿಲ್ಲಿಸಿ, ಸೂರ್ಯನ ಜೊತೆ ತಿರುಗಿಸುತ್ತಾ, ಊರಿನ ಚೌಕಕ್ಕೆ ಬಿಸಿಲು ತಂದರು. ಈ ಯೋಚನೆ ಮಾತ್ರ ಅದಕ್ಕೂ ನೂರು ವರ್ಷ ಹಿಂದಿನದು.

ಸೂರ್ಯ ನಮಗೆ ಅರ್ಧ ಡಿಗ್ರಿ ಅಗಲವಾಗಿ ಕಾಣುತ್ತಾನೆ. ಹಾಗಾಗಿ ಚಪ್ಪಟೆ ಕನ್ನಡಿಯಿಂದ ಹೊರಟ ಬಿಸಿಲೂ 100 ಮೀಟರಿಗೆ ಸುಮಾರು 90 ಸೆಂಟಿಮೀಟರ್ ಹರಡುತ್ತದೆ. ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಒಳಬಾಗಿದ ಕನ್ನಡಿಯನ್ನು ಬಿಸಿಲಲ್ಲಿ ಯಾವತ್ತೂ ಸುಮ್ನೆ ಬಿಡಬೇಡಿ. ಅದೇ 2013ರಲ್ಲಿ ಲಂಡನ್ನಿನ ಬಾಗಿದ ಗಾಜಿನ ಕಟ್ಟಡವೊಂದರ ಬಿಸಿಲು ಕೆಳಗೆ ನಿಂತ ಕಾರಿನ ಭಾಗಗಳನ್ನೇ ಕರಗಿಸಿತ್ತು. ಕೆಲಸ ಮುಗಿದ ಕೂಡಲೇ ಕನ್ನಡಿಗೆ ಬಟ್ಟೆ ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ.

ಬೆಳ್ಳಿ ಲೇಪವೋ ಅಲ್ಯೂಮಿನಿಯಮ್ಮೋ?

ಬೆಳ್ಳಿ ಬೆಳಕನ್ನು ಹೆಚ್ಚು ತಿರುಗಿಸುತ್ತದೆ. ಆದರೆ ಗಾಳಿಗೆ ಬೇಗ ಕಪ್ಪಾಗುತ್ತದೆ. ಗಾಜಿನ ಹಿಂದೆ ಮುಚ್ಚಿಟ್ಟರೆ ಬೆಳ್ಳಿ, ತೆರೆದಿಟ್ಟರೆ ಅಲ್ಯೂಮಿನಿಯಂ. ಸದ್ದಿಗೆ ಲೇಪದ ಮಾತೇ ಇಲ್ಲ. ಗಟ್ಟಿಯಾಗಿರಬೇಕು, ಭಾರವಾಗಿರಬೇಕು, ತೂತಿರಬಾರದು, ಅಷ್ಟೇ.

ನನ್ನ ಸಾಧನಕ್ಕೆ ಪೇಟೆಂಟ್ ಸಿಗುತ್ತದಾ?

ಬೆಳಕು ತಿರುಗುತ್ತದೆ ಅನ್ನುವುದಕ್ಕೆ ಸಿಗುವುದಿಲ್ಲ. ಅದು ನಿಸರ್ಗದ ನಿಯಮ. ಆ ನಿಯಮವನ್ನು ಬಳಸಿಕೊಂಡು ನೀವು ಮಾಡಿದ ಜೋಡಣೆಗೆ ಸಿಗಬಹುದು. ಅದು ಹೊಸದಾಗಿರಬೇಕು. ಆ ಕೆಲಸ ಬಲ್ಲವರಿಗೆ ಸಲೀಸಾಗಿ ಹೊಳೆಯುವಂಥದ್ದು ಆಗಿರಬಾರದು. ತಯಾರಿಸಿ ಬಳಸಲು ಬರಬೇಕು. ಶಾ ಅವರ ರಬ್ಬರಿನ ರೆಪ್ಪೆಯನ್ನು ನೆನಪಿಸಿಕೊಳ್ಳಿ. ನಿಮ್ಮದರಲ್ಲಿ ಅಂಥ ಭಾಗ ಯಾವುದು ಅಂತ ಒಂದೇ ವಾಕ್ಯದಲ್ಲಿ ಬರೆಯಲು ಆಗಬೇಕು. ಆಗದಿದ್ದರೆ ಇನ್ನೂ ಕೆಲಸ ಬಾಕಿ ಇದೆ.

ಅರ್ಜಿ ಹಾಕುವ ಮೊದಲು ಹಳೆಯ ಪೇಟೆಂಟ್‌ಗಳನ್ನು ಓದಿ. ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಎಂಬ ಎರಡು ವೆಬ್‌ಸೈಟ್‌ಗಳಲ್ಲೂ ಬಿಟ್ಟಿಯಾಗಿ ಸಿಗುತ್ತವೆ. ಪದ ಹಾಕಿ ಹುಡುಕಿದರೆ ಎಷ್ಟೋ ತಪ್ಪಿಹೋಗುತ್ತವೆ. ಪೇಟೆಂಟ್ ಕಚೇರಿಗಳು ಒಂದೊಂದು ಬಗೆಯ ಸಾಧನಕ್ಕೆ ಕೊಟ್ಟಿರುವ ವರ್ಗದ ಸಂಖ್ಯೆಯಿಂದ ಹುಡುಕಿ. ಬೆಳಕನ್ನು ಬಂದ ಕಡೆಗೇ ಕಳಿಸುವ ಸಾಧನಗಳು ಜಿ02ಬಿ 5/12ರಲ್ಲಿವೆ. ಸದ್ದನ್ನು ತಿರುಗಿಸುವ, ಒಂದೆಡೆ ಸೇರಿಸುವ ಸಾಧನಗಳು ಜಿ10ಕೆ 11ರಲ್ಲಿ. ಅವಧಿ ಮುಗಿದ ಪೇಟೆಂಟ್‌ನಲ್ಲಿ ಇರುವುದನ್ನು ಯಾರು ಬೇಕಾದರೂ ಬಳಸಬಹುದು. ನಾನು ಕಲಿತದ್ದು ಬಹಳಷ್ಟು ಅಲ್ಲಿಂದಲೇ.

ಯಾವಾಗ ಬೇರೆಯವರಿಗೆ ತೋರಿಸಬಹುದು?

ಅರ್ಜಿ ಹಾಕಿದ ಮೇಲೆ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ಒಂದು ಪ್ರದರ್ಶನದಲ್ಲಿ ಖುಷಿಯಿಂದ ಎಲ್ಲರಿಗೂ ಬಿಚ್ಚಿ ತೋರಿಸಿದೆ. ಆಮೇಲೆ ಅರ್ಜಿ ಹಾಕಲು ಹೋದರೆ ಅದು ಹೊಸದಾಗಿ ಉಳಿದಿರಲಿಲ್ಲ. ಹಳೆಯದು ಮಾಡಿದ್ದು ನಾನೇ. ಕೆಲವು ದೇಶಗಳು ಸ್ವಲ್ಪ ರಿಯಾಯಿತಿ ಕಾಲ ಕೊಡುತ್ತವೆ. ಯುರೋಪಿನಲ್ಲಿ ಅದು ಬಹುಮಟ್ಟಿಗೆ ಇಲ್ಲ. ಹಾಗಾಗಿ ರಿಯಾಯಿತಿ ನೆಚ್ಚಿ ಕೂರಬೇಡಿ. ತೋರಿಸಲೇಬೇಕಾದರೆ ಗುಟ್ಟು ಕಾಯುವ ಒಪ್ಪಂದಕ್ಕೆ ಮೊದಲು ಸಹಿ ಹಾಕಿಸಿ.

ಇಡೀ ಜಗತ್ತಿಗೆ ಒಂದೇ ಪೇಟೆಂಟ್ ಇದೆಯಾ? ಎಷ್ಟು ವರ್ಷ ಇರುತ್ತದೆ?

ಅಂಥದ್ದು ಇಲ್ಲ. ಒಂದೊಂದು ದೇಶದ ಪೇಟೆಂಟ್ ಆ ದೇಶಕ್ಕಷ್ಟೇ. ಮೊದಲ ಅರ್ಜಿ ಹಾಕಿದ 12 ತಿಂಗಳೊಳಗೆ ಬೇರೆ ದೇಶಗಳಲ್ಲಿ ಹಾಕಿದರೆ ಮೊದಲ ತಾರೀಕೇ ಲೆಕ್ಕಕ್ಕೆ ಬರುತ್ತದೆ. ಇದು 1883ರ ಪ್ಯಾರಿಸ್ ಒಪ್ಪಂದದ ಫಲ. ಪಿಸಿಟಿ (ಒಂದೇ ಅರ್ಜಿಯಿಂದ ಹಲವು ದೇಶಗಳಿಗೆ ಶುರು ಮಾಡಲು ಬಿಡುವ ಅಂತರರಾಷ್ಟ್ರೀಯ ಒಪ್ಪಂದ) ದಾರಿಯಲ್ಲಿ ಹೋದರೆ ಯಾವ ಯಾವ ದೇಶ ಬೇಕು ಅಂತ ತೀರ್ಮಾನಿಸಲು ಸಾಮಾನ್ಯವಾಗಿ 30 ತಿಂಗಳು ಸಿಗುತ್ತದೆ. ಅವಧಿ ಅರ್ಜಿಯ ದಿನದಿಂದ 20 ವರ್ಷ. ನಡುನಡುವೆ ಶುಲ್ಕ ಕಟ್ಟುತ್ತಿರಬೇಕು. ಕಟ್ಟದಿದ್ದರೆ ಅಲ್ಲಿಗೇ ಮುಗಿಯಿತು. ಮಾರುವ ಯೋಚನೆ ಇಲ್ಲದ ದೇಶದಲ್ಲಿ ಸುಮ್ನೆ ದುಡ್ಡು ಸುರಿಯಬೇಡಿ.

ಒಬ್ಬನೇ ಇದ್ದೇನೆ, ಪರೀಕ್ಷೆ ಮಾಡುವುದು ಹೇಗೆ?

ಬೆಳಕಿನದ್ದು ಸುಲಭ. ರಾತ್ರಿ ಸಾಧನವನ್ನು ಒಂದು ಕಡೆ ನಿಲ್ಲಿಸಿ ಐವತ್ತು ಹೆಜ್ಜೆ ಹಿಂದೆ ಬನ್ನಿ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡಿ. ಆಮೇಲೆ ಕಣ್ಣನ್ನು ಅಲ್ಲೇ ಇಟ್ಟು ಟಾರ್ಚನ್ನು ಮೆಲ್ಲಗೆ ಸೊಂಟದ ತನಕ ಇಳಿಸಿ. ಹೊಳಪು ಎಲ್ಲಿ ಸತ್ತುಹೋಗುತ್ತದೆ ಅಂತ ಗುರುತು ಹಾಕಿಕೊಳ್ಳಿ. ಅದೇ ನಿಮ್ಮ ಸಾಧನ ಬೆಳಕನ್ನು ಎಷ್ಟು ಹರಡುತ್ತದೆ ಅನ್ನುವ ಅಳತೆ. ಆಮೇಲೆ ಅದರ ಮೇಲೆ ಒಂದು ಹಿಡಿ ಕೆಸರು ಎರಚಿ, ಮತ್ತೆ ನೋಡಿ.

ಸದ್ದಿಗೆ ಬಯಲು ಜಾಗ ಬೇಕು. ಗೋಡೆಯಿದ್ದರೆ ಅದರದ್ದೇ ಸದ್ದು ಬೆರೆಯುತ್ತದೆ. ಫೋನಿನಲ್ಲಿ 500, 1000, 2000, 4000 ಹರ್ಟ್ಸ್ ಸದ್ದುಗಳನ್ನು ಒಂದೊಂದಾಗಿ ನುಡಿಸಿ, ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಮ್ಮೆ ಸಾಧನವಿಟ್ಟು, ಒಮ್ಮೆ ತೆಗೆದು. ಫೋನುಗಳು ಕೂದಲೆಳೆಯಷ್ಟೂ ಜರುಗದ ಹಾಗೆ ನೋಡಿಕೊಳ್ಳಿ. ಗಾಳಿ ಬೀಸುವ ದಿನ ಮಾಡಬೇಡಿ. ತಾರೀಕು ಹಾಕಿ, ಅಳತೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅರ್ಜಿಯಲ್ಲಿ ಹಾಕಬೇಕಾದ ಚಿತ್ರವೂ ಅಂಕಿಯೂ ಆ ಪುಟಗಳಿಂದಲೇ ಬರುತ್ತವೆ.